ರೂಮ್‌ಮೇಟ್‌ಗೆ ಟಿಬಿ ಬಂದಿದೆ. ನಾನು ಇನ್ನೊಮ್ಮೆ ಬಿಸಿಜಿ ಹಾಕಿಸಿಕೊಳ್ಳಲೇ, ಹೊಸ ಲಸಿಕೆಗೆ ಕಾಯಲೇ?

ಎರಡೂ ಬೇಡ ಮಾರಾಯ್ರೇ. ನಿಮ್ಮ ಜಾಗದಲ್ಲಿ ನಾನಿದ್ದೆ.

ಮಂಗಳೂರಿನ ಬಂದರಿನ ಹತ್ತಿರ ಬಾಡಿಗೆ ಮನೆಯಲ್ಲಿ ನಾನೂ ಅಣ್ಣನೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಅಣ್ಣನ ಕಫದಲ್ಲಿ ಟಿಬಿ ಸಿಕ್ಕಿದಾಗ ಆಶಾ ಅಕ್ಕ ಮನೆಗೇ ಬಂದು, "ನೀವೂ ಎಕ್ಸ್‌ರೇ ತೆಗೆಸಿ, ರೋಗ ಇಲ್ಲದಿದ್ರೆ ಬಾರದ ಹಾಗೆ ಮಾತ್ರೆ ಕೊಡ್ತಾರೆ" ಅಂದರು. ನಾನು ಅಂಗಿಯ ತೋಳು ಮಡಚಿ ಬಿಸಿಜಿ ಕಲೆ ತೋರಿಸಿ ಅವರನ್ನು ಕಳಿಸಿಬಿಟ್ಟೆ.

ಆ ಕಲೆ ಹೇಳುವುದು ಸಣ್ಣದಿರುವಾಗ ಸೂಜಿ ಚುಚ್ಚಿದ್ದಾರೆ ಎಂದಷ್ಟೇ. 1921ರಿಂದ ಇರುವ ಲಸಿಕೆ ಅದು. ಎಳೆಮಕ್ಕಳಿಗೆ ಮಿದುಳುಪೊರೆಯ ಕ್ಷಯ ಬಾರದಂತೆ ಚೆನ್ನಾಗಿ ಕಾಯುತ್ತದೆ. ದೊಡ್ಡವರ ಶ್ವಾಸಕೋಶದ ವಿಷಯ ಬೇರೆ: ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ಭಾರೀ ಪ್ರಯೋಗದಲ್ಲಿ ಅವರಿಗೆ ರಕ್ಷಣೆ ಸಿಗಲೇ ಇಲ್ಲ. ಟಿಬಿ ರೋಗಾಣು ಮೈಯೊಳಗೆ ಹೊಕ್ಕರೆ, ತನ್ನನ್ನು ನುಂಗಿ ಕೊಲ್ಲಬೇಕಾದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶದ ಒಳಗೇ ಸಂಸಾರ ಹೂಡುತ್ತದೆ. ಟಿ ಕೋಶಗಳೆಂಬ ಬೇರೆ ರಕ್ಷಕ ಕೋಶಗಳು ಬಂದು ಸುತ್ತ ಗಂಟು ಕಟ್ಟಿ ಕೂಡಿಹಾಕುತ್ತವೆ. ಹೆಚ್ಚಿನವರಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತದೆ. ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಮಾತ್ರ ಆ ಕಟ್ಟು ಸಡಿಲಾಗಿ ರೋಗ ಏಳುತ್ತದೆ, ಅದರಲ್ಲೂ ಮೊದಲ ಎರಡು ವರ್ಷದಲ್ಲೇ ಅಪಾಯ ಜಾಸ್ತಿ. ಕಟ್ಟು ಗಟ್ಟಿಯಿರುವಾಗ ಕೆಮ್ಮಿಲ್ಲ, ಜ್ವರವಿಲ್ಲ, ಊಟ ಸೇರುತ್ತದೆ. ತಡೆಮಾತ್ರೆ ನುಂಗಬೇಕಾದದ್ದು ಆಗಲೇ. ನಾನು ಆರಾಮವಾಗಿದ್ದೇನೆ ಎಂದೇ ಬೇಡ ಅಂದೆನಲ್ಲ, ಆ ಆರಾಮದ ಹೊತ್ತೇ ಮಾತ್ರೆಯ ಹೊತ್ತು.

ನನಗೂ ಟಿಬಿ ಬಂದಿದೆ ಎಂದು ಗೊತ್ತಾದದ್ದು ಗಲ್ಫ್ ಕೆಲಸಕ್ಕೆ ಮಾಡಿಸುವ ಮೆಡಿಕಲ್ ಪರೀಕ್ಷೆಯಲ್ಲಿ. ಎಕ್ಸ್‌ರೇಯಲ್ಲಿ ಮಚ್ಚೆ, ಅನ್‌ಫಿಟ್. ಆರು ತಿಂಗಳ ಚಿಕಿತ್ಸೆಯಲ್ಲಿ ಪೂರ್ತಿ ಗುಣವಾದೆ. ಆದರೆ ಶ್ವಾಸಕೋಶದಲ್ಲಿ ಹಳೆಯ ಗುರುತು ಉಳಿಯಿತು, ಮರುವರ್ಷವೂ ಅನ್‌ಫಿಟ್. ದುಬೈ ಕೆಲಸ ಹೋಯಿತು.

ಹೊಸ ಲಸಿಕೆ ಅಂದಿರಿ. ಎಂ72 ಎನ್ನುವುದು ಆಫ್ರಿಕಾದಲ್ಲಿ, ಮೊದಲೇ ಸೋಂಕಿದ್ದ ದೊಡ್ಡವರಲ್ಲಿ, ಮೂರು ವರ್ಷದ ಅವಧಿಯಲ್ಲಿ ರೋಗವನ್ನು ಸುಮಾರು ಅರ್ಧಕ್ಕೆ ಇಳಿಸಿದ್ದು ನಿಜ. ಅದರ ಮೂರನೇ ಹಂತದ ಪ್ರಯೋಗ ಶುರುವಾದದ್ದೇ 2024ರಲ್ಲಿ. ಅದು ಮುಗಿದು ಮಂಗಳೂರು ಹತ್ತಿರದ ದೇರಳಕಟ್ಟೆಗೆ ಬಂದು ಮುಟ್ಟುವಾಗ ನಿಮ್ಮ ಆ ಎರಡು ವರ್ಷ ಕಳೆದಿರುತ್ತದೆ. ಬಿಸಿಜಿ ಮರುಡೋಸ್ ಬಗ್ಗೆ 2018ರಲ್ಲಿ ಆಸೆ ಹುಟ್ಟಿತ್ತು, ಆಮೇಲಿನ ದೊಡ್ಡ ಪ್ರಯೋಗದಲ್ಲಿ ಅದೂ ಹುಸಿಯಾಯಿತು.

ಹಾಗಾಗಿ ಲಸಿಕೆ ಹುಡುಕುವುದು ಬಿಡಿ. ಈ ವಾರವೇ ಸರಕಾರಿ ಆಸ್ಪತ್ರೆಯ ಟಿಬಿ ವಿಭಾಗಕ್ಕೆ ಹೋಗಿ, "ರೋಗಿಯೊಟ್ಟಿಗೆ ಒಂದೇ ರೂಮಲ್ಲಿ ಇದ್ದೇನೆ" ಅನ್ನಿ. ಮೊದಲು ರೋಗ ಇಲ್ಲವೆಂದು ಖಚಿತವಾಗಬೇಕು. ಆಮೇಲೆ ಐಸೋನಿಯಾಜಿಡ್ ದಿನಾ ಆರು ತಿಂಗಳು, ಇಲ್ಲವೇ ಅದರೊಟ್ಟಿಗೆ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆ 12 ವಾರ. ಯಾವುದೆಂದು ಡಾಕ್ಟರು ಹೇಳಲಿ. ಲಿವರ್ ತೊಂದರೆ, ಕುಡಿತ ಇದ್ದರೆ ಮುಚ್ಚಿಡಬೇಡಿ.

ಮತ್ತೆ, ರೂಮ್‌ಮೇಟ್‌ನ ಬಟ್ಟಲು, ಲೋಟ ಬೇರೆ ಮಾಡಿಟ್ಟು ಅವರ ಮನಸ್ಸು ನೋಯಿಸಬೇಡಿ. ಇದು ಗಾಳಿಯಲ್ಲಿ ಹರಡುವುದು. ಕಿಟಕಿ ತೆರೆದಿಡಿ, ಮಳೆಯ ಎರಚಲು ಹೊಡೆದರೂ ಅಡ್ಡಿಯಿಲ್ಲ.