ಕೇಳಿದ ಕೂಡಲೇ ಕೊಡಬೇಕಾ, ವಿಚಾರಿಸಿ ಕೊಡಬೇಕಾ?

ಸಭೆಗೆ, ಅಂದರೆ ಚರ್ಚಿಗೆ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಡುತ್ತಿದ್ದೀರಿ. ಆದರೂ ದಾರಿಯಲ್ಲಿ ಯಾರಾದರೂ ಕೈಚಾಚಿದರೆ ಮನಸ್ಸು ಕರಗುತ್ತದೆ, ‘ಇದು ಮೋಸವಿದ್ದರೆ?’ ಅಂತ ಕೈ ಹಿಂದೆ ಬರುತ್ತದೆ. ಆಗ ಕ್ರೈಸ್ತರು ಏನು ಮಾಡಬೇಕು ಅಂತ ಕೇಳಿದ್ದೀರಿ.

ನಾನು ಹೇಳುವುದು ಇಷ್ಟು: ಆ ಹೊತ್ತಿಗೆ ಬೇಕಾದದ್ದನ್ನು ಮೊದಲು ಕೊಡಿ. ವಿಚಾರಣೆ ಆಮೇಲೆ. ಅದೂ ಅವರ ಯೋಗ್ಯತೆಯ ಬಗ್ಗೆ ಅಲ್ಲ, ಅವರ ಅಗತ್ಯದ ಬಗ್ಗೆ.

ಬೈಬಲಿನ ಲೂಕ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯಕಥೆ ನಮಗೆಲ್ಲ ಬಾಯಿಪಾಠ. ಆದರೆ ಅದರ ಕೊನೆಯ ಭಾಗವನ್ನು ಬೇಗ ದಾಟಿಬಿಡುತ್ತೇವೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದ ಒಬ್ಬನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿ ದಾಟಿಹೋದರು. ಸಮಾರ್ಯದವನಿಗೆ ಮಾತ್ರ ಅವನನ್ನು ಕಂಡು ಕನಿಕರ ಹುಟ್ಟಿತು. ಕಳ್ಳರಿರುವ ದಾರಿಯಲ್ಲಿ ಒಬ್ಬನೇ ಯಾಕೆ ಬಂದೆ ಅಂತ ಕೇಳಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ವಾಹನದ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ. ಅಲ್ಲಿಗೆ ಬಿಟ್ಟು ಹೋಗಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವನು ಉಳಿದು ಆರೈಕೆ ಮಾಡಿದ. ಮಾರನೇ ದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ. ದಿನಾರಿ ಅಂದರೆ ಆಗ ಕೂಲಿಯಾಳಿನ ಒಂದು ದಿನದ ದುಡಿಮೆ. ಜಾಸ್ತಿ ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆ ಅಂತಲೂ ಹೇಳಿದ. ಕನಿಕರ ಕಂಡ ಕೂಡಲೇ ಬಂತು, ಯೋಚನೆ ಅದರ ಬೆನ್ನಿಗೇ ಬಂತು.

ಮೋಸದ ಭಯ ಹೊಸದಲ್ಲ. ‘ದಿದಾಖೆ’ ಅಂತ ಆದಿ ಸಭೆಯ ಒಂದು ಚಿಕ್ಕ ಬೋಧನೆಯ ಪುಸ್ತಕವಿದೆ. ಕೇಳುವ ಪ್ರತಿಯೊಬ್ಬರಿಗೂ ಕೊಡು, ಅಗತ್ಯವಿಲ್ಲದೆ ತೆಗೆದುಕೊಂಡವನೇ ಅದಕ್ಕೆ ಲೆಕ್ಕ ಒಪ್ಪಿಸಬೇಕು ಅನ್ನುತ್ತದೆ. ಅದರ ಪಕ್ಕದಲ್ಲೇ, ಯಾರಿಗೆ ಕೊಡುತ್ತೀ ಅಂತ ತಿಳಿಯುವವರೆಗೆ ದಾನ ನಿನ್ನ ಕೈಯಲ್ಲೇ ಬೆವರಲಿ ಅಂತಲೂ ಹೇಳುತ್ತದೆ! ನನ್ನ ಮಟ್ಟಿಗೆ ಮೊದಲ ಮಾತಿಗೇ ತೂಕ ಜಾಸ್ತಿ. ಯಾಕಂದರೆ ವಿಚಾರಿಸಿ ಕೊಡೋಣ ಅಂದವರು ಬಹಳ ಸಲ ವಿಚಾರಿಸುವುದೂ ಇಲ್ಲ, ಸುಮ್ನೆ ಮುಂದೆ ಹೋಗುತ್ತಾರೆ. ಯಾಜಕನೂ ಲೇವಿಯನೂ ಹೋದದ್ದು ಹಾಗೇ ಅಲ್ವಾ?

ಹಾಗಂತ ಸಾಲ ಮಾಡಿ ಕೊಡಬೇಕಿಲ್ಲ. ಇಲ್ಲದ್ದರಿಂದಲ್ಲ, ಇರುವುದರಿಂದ ಕೊಡಿ ಅಂತ ಅಪೊಸ್ತಲ ಪೌಲನೇ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದಿದ್ದಾನೆ. ನಾನು ದಶಮಾಂಶದ ಹೊರತಾಗಿ ಸ್ವಲ್ಪ ದುಡ್ಡು ಬೇರೆ ಇಟ್ಟಿರುತ್ತೇನೆ. ಅದು ಕೊಡುವುದಕ್ಕೆಂದೇ ಇರುವುದರಿಂದ ಆ ಹೊತ್ತಿನಲ್ಲಿ ಲೆಕ್ಕಾಚಾರ ಶುರುವಾಗುವುದಿಲ್ಲ. ‘ಈಗ ಏನು ಬೇಕು?’ ಅಂತ ಅವರನ್ನೇ ಕೇಳುತ್ತೇನೆ. ಕೆಲವರಿಗೆ ಬೇಕಾದದ್ದು ಔಷಧಿ, ಕೆಲವರಿಗೆ ಒಂದು ಫೋನ್ ಕರೆ.

ಒಂದು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಕೊಡುವಾಗ ಫೋಟೋ ತೆಗೆಯಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂದವರು ಯೇಸು. ಸಭೆಗೆ ಬಂದರೆ ಕೊಡುತ್ತೇವೆ ಅನ್ನುವ ಷರತ್ತೂ ಬೇಡ. ಕ್ರೈಸ್ತರನ್ನು ವಿರೋಧಿಸಿದ ರೋಮ್ ಚಕ್ರವರ್ತಿ ಜೂಲಿಯನ್ 362ರಲ್ಲಿ ಒಂದು ಪತ್ರದಲ್ಲಿ ಕೊರಗಿದ್ದಾನೆ: ಇವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಅಂತ. ಎದುರಾಳಿಯ ಬಾಯಿಂದ ಇಂಥ ಮಾತು ಬರಬೇಕಾದರೆ ಅವರು ಹೇಗೆ ಕೊಟ್ಟಿರಬೇಕು!

ಇನ್ನು ದಶಮಾಂಶ. ಅದನ್ನು ನಿಲ್ಲಿಸಬೇಡಿ. ಆ ವ್ಯಕ್ತಿಗೆ ಒಂದು ದಿನದ ಸಹಾಯ ಸಾಲದು ಅನ್ನಿಸಿದರೆ, ಅವರ ಒಪ್ಪಿಗೆ ಪಡೆದು ವಿಷಯವನ್ನು ಸಭೆಯ ಹಿರಿಯರಿಗೆ ತಿಳಿಸಿ. ವಿಧವೆಯರಿಗೆ ದಿನದಿನದ ಆಹಾರ ಹಂಚುವುದರಲ್ಲಿ ಲೋಪವಾದಾಗ ಯೆರೂಸಲೇಮಿನ ಸಭೆ ಅದೇ ಕೆಲಸಕ್ಕೆ 7 ಜನರನ್ನು ನೇಮಿಸಿತ್ತು. ಮುಂದಿನ ವಾರ ನೀವೇ ಹೋಗಿ, ಸಹಾಯ ತಲುಪಿತಾ ಅಂತ ನೋಡಿ ಬನ್ನಿ.