ಪುಟ್ಟ ಕ್ರ್ಯಾಂಕ್ ತಡೆದರೆ ದೊಡ್ಡದೂ ತಡೆಯುತ್ತಾ?

ಪ್ರಶ್ನೆ: ನನ್ನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಹಳೇ ಸ್ಟೀಮ್ ಎಂಜಿನ್ನಿನ ಮಾದರಿಯನ್ನು ಹತ್ತನೇ ಒಂದು ಅಳತೆಯಲ್ಲಿ ಮಾಡುತ್ತಿದ್ದಾನೆ. ಇದರ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನಿನ ಓಡಾಟವನ್ನು ತಿರುಗಾಟ ಮಾಡುವ ದಂಡ) ತಿರುಚಿ ನೋಡಿದರೆ ದೊಡ್ಡದರ ಶಕ್ತಿ ಗೊತ್ತಾಗುತ್ತೆ ಅನ್ನುತ್ತಾನೆ. ನಿಜವೇ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಅರ್ಧ ನಿಜ. ಎರಡಕ್ಕೂ ಒಂದೇ ಉಕ್ಕು, ಸಿಲಿಂಡರಿನಲ್ಲಿ ಒಂದೇ ಒತ್ತಡ ಅಂತ ಇಟ್ಟುಕೊಳ್ಳಿ. ಮಾದರಿಯಲ್ಲಿ ಪಿಸ್ಟನ್ ಮೇಲಿನ ಬಲ ನೂರರಲ್ಲಿ ಒಂದು, ಕ್ರ್ಯಾಂಕಿನ ತೋಳು ಹತ್ತರಲ್ಲಿ ಒಂದು. ಅಲ್ಲಿಗೆ ತಿರುಚುವ ಬಲ ಸಾವಿರದಲ್ಲಿ ಒಂದಾಯಿತು. ಶಾಫ್ಟಿನ ತಾಳಿಕೆಯೂ ವ್ಯಾಸದ ಘನದಂತೆ ಇಳಿದು ಸಾವಿರದಲ್ಲಿ ಒಂದೇ. ಲೆಕ್ಕ ಸರಿಹೋಯಿತು, ಅಲ್ವಾ?

ಹಿಂದಿನವರೂ ಇದನ್ನೇ ನಂಬಿ ಮಾದರಿ ಮುರಿದು ನೋಡುತ್ತಿದ್ದರು. ವೇಲ್ಸಿನ ಬ್ರಿಟಾನಿಯಾ ಸೇತುವೆಯಲ್ಲಿ ರೈಲು ದೊಡ್ಡ ಕಬ್ಬಿಣದ ಕೊಳವೆಯೊಳಗೆ ಓಡಬೇಕಿತ್ತು. ಅದನ್ನು ಕಟ್ಟುವ ಮೊದಲು ಎಂಜಿನಿಯರ್ ಫೇರ್‌ಬೇರ್ನ್ ಆ ಕೊಳವೆಯ ಆರನೇ ಒಂದು ಅಳತೆಯ ಮಾದರಿ ಮಾಡಿಸಿದ. ಅದೇ 75 ಅಡಿ ಉದ್ದ! ಮುರಿದಾಗಲೆಲ್ಲ ರಿಪೇರಿ ಮಾಡಿ ಮತ್ತೆ ಭಾರ ಹೇರಿದ.

ಎಲ್ಲದಕ್ಕೂ ಈ ಲೆಕ್ಕ ನಡೆಯುವುದಿಲ್ಲ. ಸ್ವಂತ ಭಾರವನ್ನೇ ನೋಡಿ. ಫ್ಲೈವೀಲಿನ (ಶಾಫ್ಟಿಗೆ ಕೂರಿಸಿದ ಭಾರದ ಚಕ್ರ) ತೂಕದಿಂದ ಶಾಫ್ಟಿನ ಪ್ರತಿ ಚದರ ಅಳತೆಯ ಮೇಲೆ ಬೀಳುವ ಒತ್ತಡ ಮಾದರಿಯಲ್ಲಿ ಹತ್ತನೇ ಒಂದು ಮಾತ್ರ. ದೊಡ್ಡದಾದಷ್ಟೂ ತನ್ನ ಭಾರವೇ ತನಗೆ ಹೊರೆ ಅಂತ ಗೆಲಿಲಿಯೋ 1638ರಲ್ಲೇ ಬರೆದಿದ್ದ. ವೇಗದ್ದೂ ಅಷ್ಟೇ. ದೊಡ್ಡದು ನಿಮಿಷಕ್ಕೆ 120 ಸುತ್ತು ತಿರುಗಿದರೆ, ಚಲಿಸುವ ಭಾಗಗಳ ಒತ್ತಡ ಸಮ ಆಗಬೇಕೆಂದರೆ ಮಾದರಿ 1200 ಸುತ್ತಬೇಕು.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಲೋಹದ ದಣಿವು, ಅಂದರೆ ಭಾರ ಮತ್ತೆ ಮತ್ತೆ ಬಿದ್ದು ಲೋಹ ಸೋಲುವುದು. ನಾನು ಕೋಲಾರದಲ್ಲಿ ಲೇತ್ ಮೇಲಿದ್ದ ಕಾಲದಲ್ಲಿ, ರೈತರೊಬ್ಬರು ಬಾವಿ ಪಂಪಿನ ಡೀಸೆಲ್ ಎಂಜಿನ್ನಿನ ಕ್ರ್ಯಾಂಕನ್ನು ಎರಡು ತುಂಡಾಗಿ ಗೋಣಿಚೀಲದಲ್ಲಿ ತಂದರು. ಮುರಿದ ಮುಖದಲ್ಲಿ ಅರ್ಧ ನುಣ್ಣಗೆ, ಕಪ್ಪೆಚಿಪ್ಪಿನ ಹಾಗೆ ಗೆರೆಗೆರೆ. ಉಳಿದರ್ಧ ಬೆಲ್ಲದ ಅಚ್ಚು ಮುರಿದ ಹಾಗೆ ತರಿತರಿ. 'ಕಬ್ಬಿಣ ಹರಳುಗಟ್ಟಿದೆ' ಎಂದರು ನಮ್ಮ ಮೇಸ್ತ್ರಿ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಎಂಜಿನಿಯರುಗಳೂ ಹಾಗೇ ಅಂದುಕೊಂಡಿದ್ದರು. ಹೊಸದಾಗಿ ಹರಳುಗಟ್ಟಿದ್ದೇನೂ ಅಲ್ಲ. ಕ್ರ್ಯಾಂಕಿನ ಪಿನ್ನು ತೋಳಿಗೆ ಸೇರುವ ಮೂಲೆಯಲ್ಲಿ ಹುಟ್ಟಿದ ಕೂದಲೆಳೆ ಬಿರುಕು ಸುತ್ತು ಸುತ್ತಿಗೂ ಬೆಳೆದಿತ್ತು. ಒಂದೇ ಸಲಕ್ಕೆ ಮುರಿಯದ ಭಾರ, ಲಕ್ಷ ಸಲ ಬಿದ್ದರೆ ಮುರಿಯಬಹುದು. ಜರ್ಮನಿಯ ವೋಲರ್ 1850–60ರ ದಶಕಗಳಲ್ಲಿ ರೈಲಿನ ಗಾಲಿಗಳ ಅಚ್ಚುಗಳ (ಆಕ್ಸಲ್) ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದ್ದು ಇದನ್ನೇ. ಸುಮ್ನೆ ಒಮ್ಮೆ ತಿರುಚಿ ನೋಡಿದರೆ ಇದು ಕಾಣುವುದಿಲ್ಲ.

ಮಗ ತಿರುಚಲಿ, ಬೇಡ ಅನ್ನಬೇಡಿ. ಒಂದು ತುದಿ ವೈಸಿನಲ್ಲಿ, ಇನ್ನೊಂದು ತುದಿಗೆ ಬೇರಿಂಗ್ ಆಸರೆ ಕೊಟ್ಟು ಸನ್ನೆ ಕಟ್ಟಲಿ. ಪೊರಕೆಕಡ್ಡಿಯೇ ಮುಳ್ಳು. ಸನ್ನೆಯ ತುದಿಗೆ ಒಂದೊಂದೇ ಕೆ.ಜಿ. ಏರಿಸಿ, ಪ್ರತಿ ಸಲ ಇಳಿಸಿ, ಮುಳ್ಳು ಸೊನ್ನೆಗೆ ಮರಳಿತೇ ನೋಡಲಿ. ಮರಳದಿದ್ದರೆ ಅದೇ ಮಿತಿ. ಪಿನ್ನು ತೋಳಿಗೆ ಸೇರುವ ಮೂಲೆಯ ದುಂಡನ್ನು (ಅದರ ತ್ರಿಜ್ಯವನ್ನು) ಮರೆಯಬಾರದು: ದೊಡ್ಡದರಲ್ಲಿ 10 ಮಿ.ಮೀ. ಇದ್ದರೆ ಇದರಲ್ಲಿ 1 ಮಿ.ಮೀ. ಇರಲೇಬೇಕು. ಆಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಲಿ. ಬಿರುಕಿದ್ದರೆ ಸ್ವಲ್ಪ ಹೊತ್ತಿಗೆ ಸಣ್ಣ ಒದ್ದೆ ಗೆರೆ ಮೂಡುತ್ತದೆ.