ಕಾಕಂಬಿಯಲ್ಲಿ ಸಿಮೆಂಟ್ ಬ್ಯಾಕ್ಟೀರಿಯಾ ಬೆಳೆಸಬಹುದಾ?

ಯೂರಿಯಾ ಒಡೆದು, ಕ್ಯಾಲ್ಸಿಯಂ ಸಿಕ್ಕರೆ ಕ್ಯಾಲ್ಸೈಟ್ ಅನ್ನುವ ಸುಣ್ಣದಕಲ್ಲು ಕಟ್ಟಿ ಮರಳಿನ ಕಣಗಳನ್ನು ಅಂಟಿಸುವ ಬ್ಯಾಕ್ಟೀರಿಯಾ ಇದೆ. ಮುಧೋಳದ ಕಡೆ ಕಾಕಂಬಿ (ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ) ಸುಲಭವಾಗಿ ಸಿಗುತ್ತದೆ, ಅದರಲ್ಲೇ ಈ ಬ್ಯಾಕ್ಟೀರಿಯಾ ಬೆಳೆಸಿ ಸಿಮೆಂಟಿಗೆ ಬದಲಿ ಅಂತ ಕೊನೇ ವರ್ಷದ ಪ್ರಾಜೆಕ್ಟ್ ಮಾಡಬೇಕು, ಎಷ್ಟು ನೀರು ಬೆರೆಸಲಿ ಅಂತ ಕೇಳಿದ್ದೀರಿ. ಕಾಕಂಬಿಯಲ್ಲಿ ಬೆಳೆಸಲೇಬೇಡಿ. ಬೆಳಗಾವಿಯಲ್ಲಿ ಸಿವಿಲ್ ಓದುವಾಗ ನಾನು ಇದನ್ನೇ ಮಾಡಿ ಪೂರ್ತಿ ಒಂದು ಸೆಮಿಸ್ಟರ್ ಕಳೆದುಕೊಂಡೆ.

2020ರಲ್ಲಿ ಬೆಂಗಳೂರಿನ ಐಐಎಸ್‌ಸಿ ಮತ್ತು ಇಸ್ರೋದವರು ಈ ಬ್ಯಾಕ್ಟೀರಿಯಾ, ಯೂರಿಯಾ, ನಮ್ಮ ಚವಳಿಕಾಯಿ ಬೀಜದ ಅಂಟು ಸೇರಿಸಿ ಚಂದ್ರನ ಮಣ್ಣಿನಂಥ ಪುಡಿಯಿಂದ ಇಟ್ಟಿಗೆ ಮಾಡಿದ ಸುದ್ದಿ ಓದಿ ನನಗೆ ಹುಚ್ಚು ಹಿಡಿದಿತ್ತು. ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹದಿಂದ (ಎಂಟಿಸಿಸಿ) ಅದೇ ಬ್ಯಾಕ್ಟೀರಿಯಾ ಸ್ಪೋರೋಸಾರ್ಸಿನಾ ಪಾಶ್ಚುರಿ ತರಿಸಿದೆವು, ಅವರ ನಂಬರು 1761. ಲ್ಯಾಬ್ ಲೆಕ್ಕದಲ್ಲಿ ಒಂದು ಲೀಟರಿಗೆ 20 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್ (ಯೀಸ್ಟಿನ ಒಳಗಿನ ಸಾರ, ಅಮೈನೋ ಆಮ್ಲ ತುಂಬಿರುತ್ತದೆ), 10 ಗ್ರಾಂ ಅಮೋನಿಯಂ ಸಲ್ಫೇಟ್ ಬೇಕು, ಪಿಎಚ್ 9 ಇರಬೇಕು, ಅಂದರೆ ಹುಳಿಗೆ ಉಲ್ಟಾ, ಕ್ಷಾರ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಡಬ್ಬಿಯ ಬೆಲೆ ಕೇಳಿ ಸುಮ್ಮನಾದೆ. ಸುತ್ತ ನೋಡಿದರೆ ಕಬ್ಬೇ ಕಬ್ಬು. ಒಂದು ಕ್ಯಾನ್ ಕಾಕಂಬಿ ತಂದೆ.

ಎರಡೇ ದಿನಕ್ಕೆ ಫ್ಲಾಸ್ಕ್ ಕಲಕಿತು. ದ್ರವ ಎಷ್ಟು ಬೆಳಕು ತಡೆಯುತ್ತದೆ ಅಂತ ಅಳೆದು ಬೆಳೆ ಲೆಕ್ಕ ಹಾಕುವ ಸ್ಪೆಕ್ಟ್ರೋಫೋಟೋಮೀಟರ್ 600 ನ್ಯಾನೋಮೀಟರಿನಲ್ಲಿ 1.8 ತೋರಿಸಿತು, ಅಂದರೆ ಭರ್ಜರಿ ಬೆಳೆ. ಖುಷಿಯೋ ಖುಷಿ! ನಾನು ಎಡವಿದ್ದು ಇಲ್ಲೇ, ಸರಿಯಾಗಿ ಕೇಳಿ. ಬ್ಲ್ಯಾಂಕ್ ಅಂತ, ಅಂದರೆ ಹೋಲಿಸಿ ಕಳೆಯಲು, ಬರೀ ನೀರು ಇಟ್ಟಿದ್ದೆ. ಕಾಕಂಬಿಯೇ ಕಪ್ಪು, ಅದರ ಬಣ್ಣವನ್ನೇ ಮಶೀನು ಬ್ಯಾಕ್ಟೀರಿಯಾ ಅಂತ ಎಣಿಸಿತ್ತು. ಬಣ್ಣ ಕಳೆದರೂ ಸ್ವಲ್ಪ ಬೆಳೆ ಇತ್ತು, ಆದರೆ ಅದು ನಮ್ಮ ಬ್ಯಾಕ್ಟೀರಿಯಾದ್ದಲ್ಲ. ಇದಕ್ಕೆ ಸಕ್ಕರೆ ಊಟವೇ ಅಲ್ಲ, ಅಮೈನೋ ಆಮ್ಲ ಬೇಕು. ಸಕ್ಕರೆ ಕಂಡು ಓಡಿ ಬಂದದ್ದು ಹುಳಿ ಮಾಡುವ ಕಾಡು ಯೀಸ್ಟು, ಬೇರೆ ಸೂಕ್ಷ್ಮಜೀವಿಗಳು. ಅವು ಆಮ್ಲ ಬಿಟ್ಟವು, ಪಿಎಚ್ ಇಳಿಯಿತು. ಯೂರಿಯಾವನ್ನು ಮರಳಿಗೆ ಹಾಕುವಾಗ ಕೊಟ್ಟರಾಯ್ತು ಅಂತ ಬೆಳೆಸುವಾಗ ಹಾಕಿರಲೂ ಇಲ್ಲ. ಹಾಕಿದ್ದರೆ ನಮ್ಮದು ಅದನ್ನು ಒಡೆದು ಪಿಎಚ್ ಏರಿಸಿ ಉಳಿದವನ್ನು ಹತ್ತಿರ ಬಿಡುತ್ತಿರಲಿಲ್ಲ. ಲ್ಯಾಬಿನ ಕಾಕಾ ಮೂರನೇ ವಾರವೇ ಹೇಳಿದ್ದರು, "ಹುಳಿ ಬಂದ ದ್ವಾಸಿ ಹಿಟ್ಟಿನಂಗ ವಾಸನಿ ಬರಾಕತ್ತೈತಿ ನೋಡವ್ವಾ" ಅಂತ. ಕಿವಿಗೆ ಹಾಕಿಕೊಳ್ಳಲಿಲ್ಲ. ಯೂರಿಯಾ ಒಡೆಯುವ ಬೆಳೆಗೆ ದನದ ಕೊಟ್ಟಿಗೆಯ ಘಾಟು ಇರಬೇಕು, ಅಮೋನಿಯಾದ್ದು. ಹುಳಿ ವಾಸನೆ ಬಂತು ಅಂದರೆ ಅಲ್ಲಿಗೆ ಕಥೆ ಮುಗಿಯಿತು ಅಂತಲೇ ಅರ್ಥ.

ಪಿವಿಸಿ ಪೈಪಿನಲ್ಲಿ ಘಟಪ್ರಭಾ ಮರಳು ತುಂಬಿ ಹದಿನಾಲ್ಕು ದಿನ ಆ ಬೆಳೆ, ಯೂರಿಯಾ, ಕ್ಯಾಲ್ಸಿಯಂ ದ್ರಾವಣ ಹಾಯಿಸಿದೆ, ಮರಳು ಕಲ್ಲಿನಂತೆ ಕಟ್ಟಿಕೊಳ್ಳಲಿ ಅಂತ. ಪರೀಕ್ಷಕರ ಮುಂದೆ ಪೈಪು ಸೀಳಿದರೆ ಹಸಿ ಮರಳು ಟೇಬಲ್ ಮೇಲೆ ಸುರಿಯಿತು. ಆ ದಿನ ಊಟ ಸೇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ಬದಲಿಸಿ. ಬೇಕಾದದ್ದು ಕಾಕಂಬಿ ಅಲ್ಲ, ಕಾಕಂಬಿ ತಿಂದು ಬೆಳೆದ ಯೀಸ್ಟ್. ಡಿಸ್ಟಿಲರಿಯಲ್ಲಿ ಹುದುಗಿನ ತೊಟ್ಟಿಯ ತಳದಲ್ಲಿ ಉಳಿಯುತ್ತದಲ್ಲ, ಆ ರಾಡಿ. ಮರು ವರ್ಷ ಅದನ್ನೇ ತಂದು ಬಣ್ಣ ಹೋಗುವ ತನಕ ನೀರಲ್ಲಿ ತೊಳೆದೆ, 50 ಡಿಗ್ರಿಯಲ್ಲಿ ಒಂದು ದಿನ ಇಟ್ಟೆ, ಯೀಸ್ಟ್ ತನ್ನನ್ನು ತಾನೇ ಜೀರ್ಣಿಸಿಕೊಂಡು ಒಳಗಿನದೆಲ್ಲ ನೀರಿಗೆ ಬಿಟ್ಟಿತು. ಕುದಿಸಿ, ಮೇಲಿನ ತಿಳಿ ತೆಗೆದುಕೊಂಡು, ಪಿಎಚ್ 9ಕ್ಕೆ ತಂದು, ಆರಿದ ಮೇಲೆ ಲೀಟರಿಗೆ 20 ಗ್ರಾಂ ಯೂರಿಯಾ ಹಾಕಿದೆ. ಯೂರಿಯಾವನ್ನು ಮಾತ್ರ ಕುಕ್ಕರಿಗೆ ಹಾಕಬೇಡಿ, ಕಾವಿಗೆ ಒಡೆದು ಹೋಗುತ್ತದೆ. 30 ಡಿಗ್ರಿ ಆಸುಪಾಸು ಇಟ್ಟು ಅಲುಗಾಡಿಸುತ್ತಿರಬೇಕು, ಗಾಳಿ ಬೇಕು ಅದಕ್ಕೆ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಹೊರಗೆ ಇಡಬೇಡಿ. ಆ ಸಲ ಮರಳಿನ ಕಂಬ ನಿಂತಿತು.

ಸಬ್ಸಿಡಿ ಯೂರಿಯಾ ಚೀಲ ಮುಟ್ಟಬೇಡಿ, ಅದು ಹೊಲಕ್ಕೆ. ಟೆಕ್ನಿಕಲ್ ಗ್ರೇಡ್ ತನ್ನಿ. ಕ್ಯಾಲ್ಸಿಯಂಗೆ ಖಾನಾವಳಿಯ ಮೊಟ್ಟೆ ಸಿಪ್ಪೆ ವಿನೆಗರಿನಲ್ಲಿ ಕರಗಿಸಿದರೆ ಕ್ಯಾಲ್ಸಿಯಂ ಅಸಿಟೇಟ್ ಸಿಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಸುಲಭ, ಆದರೆ ಅದರ ಕ್ಲೋರೈಡ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಸರಳು ಇರುವ ಕಾಂಕ್ರೀಟಿಗೆ ಬೇಡವೇ ಬೇಡ.

ಇನ್ನೊಂದು ಮಾತು. "ಸಿಮೆಂಟಿಗೆ ಬದಲಿ" ಅಂತ ಬರೆದಿದ್ದೀರಿ, ಅದನ್ನು ಒಪ್ಪುವುದಿಲ್ಲ. 100 ಗ್ರಾಂ ಕ್ಯಾಲ್ಸೈಟ್ ಬೇಕಾದರೆ 60 ಗ್ರಾಂ ಯೂರಿಯಾ ಹೋಗುತ್ತದೆ, 34 ಗ್ರಾಂ ಅಮೋನಿಯಾ ಹುಟ್ಟುತ್ತದೆ. ಮನೆ ಕಟ್ಟುವಷ್ಟು ಮಾಡಿದರೆ ಆ ಅಮೋನಿಯಾ ಎಲ್ಲಿಗೆ ಬಿಡ್ತೀರಿ, ಹಳ್ಳಕ್ಕಾ? ಬಿರುಕು ಮುಚ್ಚುವುದು, ಸಡಿಲ ಮರಳು ಹಿಡಿದಿಡುವುದು, ಅಷ್ಟಕ್ಕೆ ಇಟ್ಟುಕೊಳ್ಳಿ.

ಮೊದಲು ಒಂದು ಲೋಟದಷ್ಟು ಬೆಳೆಸಿ. ಯೂರಿಯಾ ನೀರಿಗೆ ಫಿನಾಲ್ ರೆಡ್ (ಪಿಎಚ್ ಏರಿದರೆ ಹಳದಿಯಿಂದ ಗುಲಾಬಿಗೆ ತಿರುಗುವ ಬಣ್ಣ) ಹಾಕಿ, ಹಳದಿ ಇರುವಾಗ ಅದರಲ್ಲಿ ನಿಮ್ಮ ಬೆಳೆಯ ನಾಲ್ಕು ಹನಿ ಬಿಡಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಮಾತ್ರ ಮರಳು ಜರಡಿ ಹಿಡಿಯಿರಿ.